ಅಂಗುಳಿನಲ್ಲಿ ಎರಡು ಗೀರು

ಊಟದ ಮೇಜಿನ ಮೇಲೆ ಸೌತೇಕಾಯಿ ಇರಬೇಕೋ ಬೇಡವೋ ಎಂಬ ಪ್ರಶ್ನೆ ಆ ಮನೆಯಲ್ಲಿ ಬುಧವಾರದಿಂದ ಶನಿವಾರ ಮಧ್ಯಾಹ್ನದವರೆಗೆ ಚರ್ಚೆಯಾಯಿತು. ಇದಕ್ಕಿಂತ ಕಡಿಮೆ ಆಲೋಚನೆ ಮಾಡಿ ರಾಜರು ಯುದ್ಧಕ್ಕೆ ಹೊರಟದ್ದುಂಟು. ಹೆಂಡತಿಯ ವಾದ ಸರಳವಾಗಿತ್ತು: ಬೇಸಿಗೆಯ ಸಂಜೆ, ಬರುವವರು ದೊಡ್ಡವರು, ತಣ್ಣಗೆ ನಾಲ್ಕು ಹೋಳು ಸೌತೇಕಾಯಿ ಇಲ್ಲದಿದ್ದರೆ ಮೇಜು ಬೋಳು ಬೋಳಾಗಿ ಕಾಣುತ್ತದೆ. ಅವನ ವಾದ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. "ಅದನ್ನೆಲ್ಲ ಈಗ ಯಾರು ತಿಂತಾರೆ" ಎಂದ. "ಈ ಸಲದ್ದು ಕಹಿ ಅಂತೆ" ಎಂದ. "ಡಾಕ್ಟರಿಗೆ ನೆಗಡಿ" ಎಂದು ಒಂದು ಸುಳ್ಳನ್ನೂ ಹೇಳಿ ನೋಡಿದ. ಕೊನೆಗೆ ಹೆಂಡತಿ ಚಾಕುವನ್ನು ಹಲಗೆಯ ಮೇಲಿಟ್ಟು, "ಸುತ್ತಿ ಬಳಸಿ ಯಾಕೆ ಹೇಳ್ತೀರಿ? ನಿಮ್ಮಕ್ಕನ ಹಲ್ಲು ಶಬ್ದ ಮಾಡತ್ತೆ, ಅದಕ್ಕೆ ತಾನೇ?" ಎಂದಳು. ಅವನು ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿರುವಂತೆ ನೋಡತೊಡಗಿದ. ಹೊರಗೆ ಒಂದು ಗೋಡೆಯಿತ್ತು.

ಅಕ್ಕನ ಹಲ್ಲು ಟಕ್ ಎನ್ನುತ್ತಿತ್ತು. ತುತ್ತಿಗೊಂದು ಟಕ್, ಮೆತ್ತಗಿನದಕ್ಕೆ ಮೆತ್ತಗೆ, ಗಟ್ಟಿಯದಕ್ಕೆ ಗಟ್ಟಿಯಾಗಿ, ಸೌತೇಕಾಯಿಗಂತೂ ಪಕ್ಕದ ಕೋಣೆಯಲ್ಲಿ ಯಾರೋ ಹಲಗೆಗೆ ಮೊಳೆ ಹೊಡೆಯುತ್ತಿರುವ ಹಾಗೆ. ಹದಿನೆಂಟು ವರ್ಷದಿಂದ ಆ ಸದ್ದು ಗೋಡೆಗಡಿಯಾರದ ಸದ್ದಿನಂತೆ ಮನೆಯಲ್ಲಿ ಸೇರಿಹೋಗಿ ಯಾರಿಗೂ ಕೇಳಿಸುತ್ತಿರಲಿಲ್ಲ. ಸೋಮವಾರ ಅವನಿಗೆ ಕೆಲಸ ಕೊಡುವ ಹಲ್ಲಿನ ಡಾಕ್ಟರು ಕೈ ಒರೆಸಿಕೊಳ್ಳುತ್ತ, "ಶನಿವಾರ ನಿಮ್ಮನೇಲಿ ಊಟ ಹಾಕಿಸ್ತೀಯೇನಯ್ಯಾ? ಏನೂ ತಲೆ ಕೆಡಿಸ್ಕೋಬೇಡ. ಆರಾಮಾಗಿ ಕೂತು ಮಾತಾಡೋಣ. ನಮ್ಮ ಯಂತ್ರದವನನ್ನೂ ಕರಿ" ಎಂದ ಕ್ಷಣದಿಂದ ಅವನಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಆರಾಮ ಎಂಬುದು ಮೇಲಿನವರು ಆಡುವ ಮಾತು. ಕೆಳಗಿನವರು ಅದಕ್ಕಾಗಿ ಐದು ದಿನ ಬೆವರು ಸುರಿಸಬೇಕು. ಹೆಂಡತಿ ಸೋಫಾದ ಮೇಲಿನ ಪ್ಲಾಸ್ಟಿಕ್ಕು ತೆಗೆದಳು. ಒಂದೇ ಥರದ ತಟ್ಟೆಗಳನ್ನು ಒಳಗಿಟ್ಟು, ಬೇರೆ ಬೇರೆ ಥರದವನ್ನು ಬೇಕೆಂದೇ ಹೊರತೆಗೆದಳು. ಒಂದು ಪುಸ್ತಕವನ್ನು ಅರ್ಧಕ್ಕೆ ಬಿಡಿಸಿ ಮೇಜಿನ ಮೂಲೆಯಲ್ಲಿ ಬೋರಲು ಹಾಕಿ, "ಈಗ ತಾನೇ ಯಾರೋ ಓದ್ತಾ ಎದ್ದುಹೋದ ಹಾಗಿರ್ಲಿ" ಎಂದಳು. ಅವನು ಹಾದುಹೋಗುವಾಗಲೆಲ್ಲ ಅದನ್ನು ಮುಚ್ಚಿಡುತ್ತಿದ್ದ. ಅವಳು ಮತ್ತೆ ಬೋರಲು ಹಾಕುತ್ತಿದ್ದಳು.

ಅವನು ಹಲ್ಲು ಕಟ್ಟುವವನು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರು ಹುಯ್ದು, ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು, ನೀರು ತುಂಬಿದ ಡಬ್ಬಿಯಲ್ಲಿ ವಾಪಸು ಕಳಿಸುವುದು ಅವನ ಕಸುಬು. ಊರಿನ ಅರ್ಧ ಮುದುಕರ ನಗು ಅವನ ಕೈಯಲ್ಲಿದೆ ಎಂದು ಡಾಕ್ಟರು ಹೇಳುತ್ತಿದ್ದರು. ಆ ಮುದುಕರಲ್ಲಿ ಒಬ್ಬರೂ ಅವನ ಮುಖ ನೋಡಿದವರಲ್ಲ. ಬಸ್ಸಿನಲ್ಲಿ ಎದುರು ಕೂತವರು ಆಕಳಿಸಿದರೆ ಅವನಿಗೆ ಮುಖ ಕಾಣುವ ಮೊದಲು ಕೆಲಸ ಕಾಣುತ್ತಿತ್ತು: ಇದು ನನ್ನದು, ಇದು ಅಲ್ಲ, ಇದು ನನ್ನದೇ ಆದರೆ ಮುದುಕ ಸರಿಯಾಗಿ ತೊಳೆಯುವುದಿಲ್ಲ. ಹೊಳಪು ಕೊಟ್ಟಾದ ಮೇಲೆ, ಮೇಲಿನ ಸೆಟ್ಟಿನ ಅಂಗುಳಿನ ಹಿಂದಿನ ಅಂಚಿನಲ್ಲಿ, ನಾಲಿಗೆಗೆ ಮಾತ್ರ ಗೊತ್ತಾಗುವ ಜಾಗದಲ್ಲಿ, ಸೂಜಿಯಿಂದ ಎರಡು ಸಣ್ಣ ಗೀರು ಎಳೆಯುವುದು ಅವನ ಅಭ್ಯಾಸ. ಕಲಿಯುವಾಗ ಎಲ್ಲರೂ ತಮ್ಮ ತಮ್ಮ ನಂಬರು ಕೊರೆಯಬೇಕಿತ್ತು. ಅವನದು ಹನ್ನೊಂದು, ಎರಡು ಗೀರಿಗೆ ಮುಗಿಯುತ್ತಿತ್ತು. ಉಳಿದವರೆಲ್ಲ ಪರೀಕ್ಷೆಯೊಂದಿಗೆ ಅದನ್ನು ಬಿಟ್ಟರು, ಅವನು ಬಿಡಲಿಲ್ಲ. ಡಾಕ್ಟರು ಪ್ರತಿ ಸೆಟ್ಟನ್ನೂ ಕೈಗೆ ತೆಗೆದುಕೊಂಡು ಮೊದಲು ಹೆಬ್ಬೆರಳನ್ನು ಅಲ್ಲಿ ಆಡಿಸಿ, "ಹೂಂ, ಇದೆ, ಅಂದ್ರೆ ಸರಿ ಇರತ್ತೆ" ಎನ್ನುತ್ತಿದ್ದರು. ಹತ್ತು ವರ್ಷದಲ್ಲಿ ಅವರು ಅವನಿಗೆ ಹೇಳಿದ ಹೊಗಳಿಕೆಯ ಮಾತು ಅದೊಂದೇ, ಮತ್ತು ಅವನು ಅದನ್ನು ಅನ್ನದ ಜೊತೆ ಕಲಸಿಕೊಂಡು ಉಣ್ಣುತ್ತಿದ್ದ.

ಈಗ ಡಾಕ್ಟರು ಹೊಸ ಲ್ಯಾಬು ತೆರೆಯುವವರಿದ್ದರು. ಹನ್ನೆರಡು ಜನ ಕೆಲಸಗಾರರು, ಒಬ್ಬ ಮುಖ್ಯಸ್ಥ. ಆ ಒಬ್ಬ ಇವನೋ ಅಥವಾ ಯಂತ್ರದವನೋ ಎಂಬುದು ಶನಿವಾರ ಆರಾಮಾಗಿ ತೀರ್ಮಾನವಾಗಬೇಕಿತ್ತು. ಯಂತ್ರದವನು ಎರಡು ವರ್ಷದ ಹಿಂದೆ ಬಂದವನು. ಅವನು ಪ್ಲಾಸ್ಟರು ಮುಟ್ಟುವುದಿಲ್ಲ. ಪರದೆಯ ಮೇಲೆ ಬಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ, ಗುಂಡಿ ಒತ್ತುತ್ತಾನೆ, ಯಂತ್ರ ಹಲ್ಲು ಕೊರೆಯುತ್ತದೆ. ಅವನ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಇರುವುದಿಲ್ಲ. ಇವನನ್ನು ಅವನು "ಅಣ್ಣಾ" ಎಂದು ಕರೆಯುತ್ತಾನೆ, ಅದೂ ಮನಸಾರೆ. ದ್ವೇಷಿಸಲು ಅನುಕೂಲವಾಗುವಂಥ ಒಂದು ಗುಣವೂ ಇಲ್ಲದ ಮನುಷ್ಯನೊಂದಿಗೆ ಎರಡು ವರ್ಷ ಕೆಲಸ ಮಾಡಿ ಇವನು ಬಹಳ ದಣಿದಿದ್ದ. ಹೋದ ವರ್ಷ ಒಬ್ಬ ಮುದುಕಿ ಹಲ್ಲು ಚುಚ್ಚುತ್ತದೆ ಎಂದು ಡಬ್ಬಿ ಹಿಡಿದು ಬಂದಾಗ ಯಂತ್ರದವನು ಎಲ್ಲರೆದುರಿಗೇ, "ಹೌದಮ್ಮ, ನಂದೇ ತಪ್ಪು, ಅಳತೇಲಿ ಹೆಚ್ಚುಕಮ್ಮಿ ಮಾಡಿದೀನಿ, ಬೇರೆ ಮಾಡ್ಕೊಡ್ತೀನಿ" ಎಂದುಬಿಟ್ಟಿದ್ದ. ಡಾಕ್ಟರು ಒಳಗಿನಿಂದ ಕೆಮ್ಮಿದ್ದರು.

ಶನಿವಾರ ಮಧ್ಯಾಹ್ನ ಅವನು ಅಡುಗೆಮನೆಗೆ ಹೋದಾಗ ಅಕ್ಕ ಸೌತೇಕಾಯಿ ಸಿಪ್ಪೆ ತೆಗೆಯುತ್ತಿದ್ದಳು. ಸೌತೇಕಾಯಿ ಗೆದ್ದಿತ್ತು. ಅವಳು ತುದಿ ಕೊಯ್ದು ಕಹಿಯೇನೋ ಎಂದು ಕಚ್ಚಿ ನೋಡಿದಳು: ಟಕ್. ಕಚ್ಚುವಾಗ ಅವಳ ಗದ್ದ ಮುಂದಕ್ಕೆ ಚಾಚುತ್ತಿತ್ತು, ಎತ್ತರದ ಅಲಮಾರಿನಲ್ಲಿ ಏನನ್ನೋ ಹುಡುಕುವವರ ಮುಖದ ಹಾಗೆ. ಬರಬರುತ್ತ ಉಣ್ಣದಿರುವಾಗಲೂ ಅದು ಮುಂದೆಯೇ ನಿಂತುಬಿಟ್ಟಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ, "ನಿಮ್ಮಕ್ಕ ಯಾವಾಗ್ಲೂ ಯಾರ ಮೇಲೋ ಸಿಟ್ಟು ಮಾಡ್ಕೊಂಡಿರ್ತಾರಲ್ಲ" ಎಂದು ಕೇಳಿದ್ದಳು. ಅವನು ಈಗ ಅಕ್ಕನಿಗೆ, "ಕುರ್ಚಿ ಐದೇ ಇರೋದು" ಎಂದ. ಅದು ನಿಜ. ಐದು ಕುರ್ಚಿ, ಒಂದು ಮರದ ಸ್ಟೂಲು. ಡಾಕ್ಟರು, ಅವರ ಹೆಂಡತಿ, ಯಂತ್ರದವನು, ಇವನು, ಇವನ ಹೆಂಡತಿ. ಸ್ಟೂಲಿಗೆ ಬರುವ ಹೊತ್ತಿಗೆ ಅವನ ಎಣಿಕೆ ನಿಂತಿತು. "ಅದಕ್ಕೇನಂತೆ" ಎಂದಳು ಅಕ್ಕ, ತಲೆಯೆತ್ತದೆ, "ನಾನು ಆರು ಗಂಟೆಗೇ ಉಂಡುಬಿಡ್ತೀನಿ ಬಿಡೋ. ನಿಮ್ಮ ಮಾತು ಕತೆ ನಂಗೇನು ಅರ್ಥವಾಗತ್ತೆ." ಅವನು, "ಹಾಗಲ್ಲಕ್ಕ, ನೀನೂ ಕೂತ್ಕೋಬಹುದು, ಸ್ಟೂಲಿದೆ" ಎಂದ. ಹೇಳುವಾಗ ತನ್ನ ದನಿಯಲ್ಲಿ ಒಂದು ಚೂರು ಒತ್ತಾಯವೂ ಇಲ್ಲದ್ದು ಅವನಿಗೇ ಕೇಳಿಸಿತು. ಹೀಗೇ ಆಗುತ್ತಿತ್ತು. ಅವನು ಕೇಳಲು ನಾಚುವ ಪ್ರತಿಯೊಂದನ್ನೂ ಅವಳು ಅವನ ಬಾಯಿಂದ ಹೊರಡುವ ಮೊದಲೇ ಕೊಟ್ಟುಬಿಡುತ್ತಿದ್ದಳು. ಆಮೇಲೆ ಅದು ಅವನು ಕೇಳಿದ್ದಲ್ಲ, ಅವಳಾಗಿ ಕೊಟ್ಟದ್ದು.

ಹದಿನೆಂಟು ವರ್ಷದ ಹಿಂದಿನ ಆ ಮಧ್ಯಾಹ್ನವೂ ಹೀಗೇ ಬಿಸಿಲಿತ್ತು, ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು ಬಾಗಿಲಲ್ಲಿ ನಿಂತಾಗ. ಅವನಿಗೆ ಇಪ್ಪತ್ತೆರಡು, ಅವಳಿಗೆ ಮೂವತ್ತೆಂಟು. ಹಲ್ಲು ಕಟ್ಟುವ ಪರೀಕ್ಷೆಗೆ ಪ್ರತಿಯೊಬ್ಬನೂ ಒಂದೂ ಹಲ್ಲಿಲ್ಲದ ಒಂದು ಬಾಯಿಯನ್ನು ತಾನೇ ಹುಡುಕಿ ತರಬೇಕಿತ್ತು. ಅವನು ಗೊತ್ತುಮಾಡಿಕೊಂಡಿದ್ದ ಮುದುಕನನ್ನು ಇನ್ನೊಬ್ಬ ಒಂದು ಹೊತ್ತಿನ ಒಳ್ಳೆಯ ಊಟ ಹಾಕಿಸಿ ಹಾರಿಸಿಕೊಂಡು ಹೋಗಿದ್ದ. ಅದನ್ನು ಅವನು ಮನೆಯಲ್ಲಿ ಹೇಳಿದ, ಗೋಡೆಗೆ ಹೇಳಿದ ಹಾಗೆ. ಆಸ್ಪತ್ರೆಯ ಹೊದಿಕೆಗಳನ್ನು ಮಡಿಸುವ ಕೆಲಸದಿಂದ ಅಕ್ಕ ಆಗಷ್ಟೇ ಬಂದಿದ್ದಳು. ಅವಳಿಗೆ ಹನ್ನೆರಡು ಹಲ್ಲು ಉಳಿದಿದ್ದವು, ಏಳು ಕೆಳಗೆ, ಐದು ಮೇಲೆ. ಎರಡು ಹುಳುಕು, ಹತ್ತು ಗಟ್ಟಿ. ವಾರ ಕಳೆಯುವುದರೊಳಗೆ ಅವಳು ಕಲಿಯುವ ಹುಡುಗರು ಪುಕ್ಕಟೆ ಹಲ್ಲು ಕೀಳುವಲ್ಲಿಗೆ ಹೋಗಿ, ಮೂರು ಸಲಕ್ಕೆ ಹನ್ನೆರಡನ್ನೂ ಕೀಳಿಸಿಕೊಂಡು ಬಂದಳು. "ವಸಡು ಮಾಗೋಕೆ ನಾಲ್ಕು ತಿಂಗಳು ಬೇಕಂತೆ, ಕೇಳ್ಕೊಂಡು ಬಂದಿದೀನಿ. ನಿನ್ನ ಪರೀಕ್ಷೆಗೆ ಸರಿಹೋಗತ್ತೆ ಅಲ್ವೇನೋ?" ಬಟ್ಟೆಯ ಹಿಂದಿನಿಂದ ಇಷ್ಟನ್ನು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿದಿತ್ತು. ಅವನು ಅತ್ತಿದ್ದ. ಅಳುವುದಕ್ಕೆ ಮೊದಲು ಅವನು ಬೆರಳಿನಲ್ಲಿ ತಿಂಗಳು ಎಣಿಸಿದ್ದ. ಈ ಎರಡರಲ್ಲಿ ಯಾವುದು ಮೊದಲು ಎಂಬುದು ಅವನಿಗೆ ಮಾತ್ರ ಗೊತ್ತಿತ್ತು, ಮತ್ತು ಅದು ಅವನಿಗೆ ಸಾಕಾಗಿತ್ತು. "ಉಪ್ಪು ನೋಡೋ" ಎಂದು ಅಕ್ಕ ಈಗ ಚಮಚೆ ಚಾಚಿದಳು. ನೋಡಿದ. ಸರಿಯಾಗಿತ್ತು.

ಏಳು ಗಂಟೆಗೆ ಬಂದರು. ಡಾಕ್ಟರು ಬಾಗಿಲಲ್ಲೇ ಚಪ್ಪಲಿ ಕಳಚಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, "ಆಹಾ, ಮನೆ ಅಂದ್ರೆ ಹೀಗಿರ್ಬೇಕು" ಎಂದು ಗೋಡೆಯಲ್ಲಿ ಬಣ್ಣ ಹೋದ ಜಾಗವನ್ನೇ ನೋಡುತ್ತ ಹೇಳಿದರು. ನೇರವಾಗಿ ಹೋಗಿ ಸ್ಟೂಲಿನ ಮೇಲೆ ಕೂತರು. "ಸಾರ್, ಅಲ್ಲಿ ಬೇಡಿ, ಕುರ್ಚಿ ಇದೆ" ಎಂದು ಅವನೂ ಹೆಂಡತಿಯೂ ಒಟ್ಟಿಗೆ ಮುಂದೆ ಬಂದರು. "ಏಯ್, ಕೂತ್ಕೊಳ್ರಪ್ಪಾ ನೀವು. ಬಾಯಿ ನೋಡೋನು ನಾನು, ನಂಗೆ ಸ್ಟೂಲೇ ಅಭ್ಯಾಸ." ಹೀಗೆ ಡಾಕ್ಟರು ಎಲ್ಲರಿಗಿಂತ ಎತ್ತರವಾಗಿ, ಆರಾಮಾಗಿ ಕೂತರು, ಉಳಿದವರು ಕುರ್ಚಿಗಳಲ್ಲಿ, ಬಾಯಿ ತೆರೆಯಲು ಕಾದಿರುವ ರೋಗಿಗಳ ಹಾಗೆ. ಒಂದು ಕುರ್ಚಿ ಖಾಲಿ ಉಳಿಯಿತು. ಅವನು ಅದನ್ನು ಕಾಲಿನಿಂದ ಮೆಲ್ಲಗೆ ಗೋಡೆಗೆ ಸರಿಸಿದ. ಯಂತ್ರದವನು ಹಣ್ಣಿನ ಬುಟ್ಟಿ ತಂದಿದ್ದ. ಡಾಕ್ಟರ ಹೆಂಡತಿ ಬೋರಲು ಬಿದ್ದಿದ್ದ ಪುಸ್ತಕವನ್ನು ಎತ್ತಿ ನೋಡಿ, "ಓ, ಟೆಲಿಫೋನ್ ಪುಸ್ತಕ" ಎಂದರು. ಅದನ್ನು ಎಲ್ಲಿತ್ತೋ ಅಲ್ಲೇ, ಅದೇ ಪುಟಕ್ಕೆ, ಜೋಪಾನವಾಗಿ ಬೋರಲು ಇಟ್ಟರು. ಅವನು ಹೆಂಡತಿಯ ಕಡೆ ನೋಡಲಿಲ್ಲ.

ಊಟ ಚೆನ್ನಾಗಿಯೇ ಸಾಗಿತು. ಡಾಕ್ಟರು ತಮ್ಮ ಹಳೆಯ ಜೋಕು ಹೇಳಿದರು: "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ, ಇಬ್ಬರ ಮಧ್ಯೆ ನಮ್ಮ ಜೀವನ." ಅವನು ಪ್ರತಿ ಸಲ ನಗುವಷ್ಟೇ ನಕ್ಕ, ಒಂದು ಗುಲಗಂಜಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಯಂತ್ರದವನು ನಕ್ಕು, "ಇದನ್ನ ಹೋದ ವಾರಾನೂ ಹೇಳಿದ್ರಿ ಸಾರ್" ಎಂದ. ಒಂದು ಕ್ಷಣ ಇವನಿಗೆ ಹೊಟ್ಟೆಯೊಳಗೆ ತಂಪಾಯಿತು. ಎಲ್ಲರ ಹಲ್ಲುಗಳೂ ಸೌತೇಕಾಯಿಯನ್ನು ಕರ್ ಕರ್ ಎಂದು ಕತ್ತರಿಸುತ್ತಿದ್ದವು, ಸ್ವಂತ ಹಲ್ಲುಗಳ ಒದ್ದೆಯಾದ, ನಿಶ್ಚಿಂತ ಸದ್ದು. ಗೋಡೆಯಾಚೆ ಪಾತ್ರೆಯೊಂದು ಸದ್ದಾಯಿತು. "ಒಳಗೆ ಯಾರು?" ಎಂದರು ಡಾಕ್ಟರ ಹೆಂಡತಿ. "ನಮ್ಮಕ್ಕ ಮೇಡಂ. ಅವರದು ಬೇಗ ಊಟ ಆಗತ್ತೆ." "ಅಯ್ಯೋ, ಒಬ್ಬರನ್ನೇ ಒಳಗೆ ಕೂರಿಸಿದೀರಾ? ಕುರ್ಚಿ ಬೇರೆ ಖಾಲಿ ಇದೆ." ಅವರ ಮಾತಿನಲ್ಲಿ ಕರುಣೆ ಇತ್ತು, ಕರುಣೆಯಷ್ಟು ಗಡಸು ವಸ್ತು ಇನ್ನೊಂದಿಲ್ಲ. ಡಾಕ್ಟರು ಸ್ಟೂಲಿನ ಮೇಲಿಂದಲೇ ದನಿಯೆತ್ತಿದರು: "ಅಕ್ಕಾ, ಬನ್ನಿ ಬನ್ನಿ. ಹೊರಗಿನೋರು ಯಾರೂ ಇಲ್ಲ."

ಅಕ್ಕ ಬಂದಳು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಹಾಗಾದರೆ ಕರೆಯಬಹುದೆಂದು ಅವಳಿಗೆ ಎಲ್ಲೋ ಅನ್ನಿಸಿತ್ತು. ಅವನು ಮೊದಲು ನೋಡಿದ್ದು ಬಟ್ಟೆಯನ್ನು, ಆಮೇಲೆ ಬಾಯನ್ನು. ಬಾಯಿ ಇರಲಿಲ್ಲ. ಮೂಗಿನ ಕೆಳಗೆ ಎಲ್ಲವೂ ಒಳಕ್ಕೆ ಮಡಚಿಕೊಂಡು, ದಾರ ಎಳೆದ ಚೀಲದ ಬಾಯಿಯಂತೆ ಸುಕ್ಕಾಗಿತ್ತು. ಶಬ್ದವಾಗದಿರಲಿ ಎಂದು ಅವಳು ಸೆಟ್ಟನ್ನು ತೆಗೆದಿಟ್ಟು ಬಂದಿದ್ದಳು. ಅವನ ಕಣ್ಣನ್ನು ಹುಡುಕಿ, ಸಿಕ್ಕಿದ ಮೇಲೆ, ಸಣ್ಣಗೆ ತಲೆಯಾಡಿಸಿದಳು: ನೋಡು, ಯೋಚನೆ ಮಾಡ್ಬೇಡ. ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. ಡಾಕ್ಟರು ತಮ್ಮ ಕಸುಬಿನ ನಗು ನಕ್ಕರು. "ಇದೇನಯ್ಯಾ ಇದು? ಊರಿಗೆಲ್ಲ ಹಲ್ಲು ಕಟ್ಟೋನು, ಮನೇಲಿ ಅಕ್ಕನಿಗೆ ಒಂದು ಸೆಟ್ಟು ಗತಿ ಇಲ್ವಾ? ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ." "ಇದೆ ಸಾರ್" ಎಂದ ಅವನು. "ಇದೆ ಇದೆ" ಎಂದಳು ಅಕ್ಕ ಅವಸರವಾಗಿ. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಸೋರುತ್ತಿತ್ತು. "ನಂಗೇ ಅಭ್ಯಾಸ ಇಲ್ಲ. ತೆಗೆದಿಡ್ತೀನಿ." "ತನ್ನಿ ನೋಡೋಣ" ಎಂದರು ಡಾಕ್ಟರು, ಕೈ ಒರೆಸಿಕೊಳ್ಳುತ್ತ. "ರೀ, ಊಟದ ಮಧ್ಯದಲ್ಲಾ?" ಎಂದರು ಅವರ ಹೆಂಡತಿ. "ನಮ್ಮನಮ್ಮಲ್ಲಿ ಏನೇ. ನೀವು ತನ್ನಿ ಅಕ್ಕಾ."

ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಏನಾದರೂ ಹೇಳಬಹುದಿತ್ತು. ನೀರು ಬೇಕಾ ಸಾರ್ ಎಂದು ಕೇಳಿದ. ಅಕ್ಕ ಸ್ಟೀಲಿನ ಲೋಟ ತಂದಳು. ಡಾಕ್ಟರು ಅದರೊಳಗೆ ಎರಡು ಬೆರಳು ಇಳಿಸಿ, ಮೇಲಿನದನ್ನೂ ಕೆಳಗಿನದನ್ನೂ ತೆಗೆದು, ಕೊಡವಿ, ಒಂದರ ಮೇಲೊಂದು ಇಟ್ಟು ದೀಪದ ಬೆಳಕಿಗೆ ಹಿಡಿದರು. ಹದಿನೆಂಟು ವರ್ಷ ತಿಕ್ಕಿ ತಿಕ್ಕಿ ಗುಲಾಬಿ ಬಣ್ಣ ಬೂದಿಯಾಗಿತ್ತು, ಹಲ್ಲುಗಳ ಅಂಚು ಸವೆದು ಚಪ್ಪಟೆಯಾಗಿತ್ತು. ಡಾಕ್ಟರ ಮುಖದಿಂದ ನಗು ಹೋಗಿ ಅದರ ಜಾಗಕ್ಕೆ ಇನ್ನೂ ಹೆಚ್ಚಿನ ಸಂತೋಷ ಬಂತು, ಬೇರೆಯವರ ತಪ್ಪು ಸಿಕ್ಕಾಗ ಬಲ್ಲವರಿಗೆ ಆಗುವ ಸಂತೋಷ. "ಓಹೋಹೋ. ನೋಡಯ್ಯಾ ಇಲ್ಲಿ" ಎಂದರು ಯಂತ್ರದವನಿಗೆ. "ದವಡೆ ಮುಂದಕ್ಕೆ ಚಾಚಿದಾಗ ಅಳತೆ ತಗೊಂಡಿದಾನೆ. ಎಷ್ಟು ವರ್ಷ ಆಯ್ತಮ್ಮ?" "ಹದಿನೆಂಟು." "ಹದಿನೆಂಟು ವರ್ಷ ಈಯಮ್ಮ ಗದ್ದ ಮುಂದೆ ಮಾಡ್ಕೊಂಡೇ ಊಟ ಮಾಡಿದಾರೆ ಕಣಯ್ಯಾ. ದವಡೆ ಕೀಲೇ ಕೆಟ್ಟಿರತ್ತೆ. ಕಟುಕನಿಗೆ ಇದಕ್ಕಿಂತ ಕೈ ಚೆನ್ನಾಗಿರತ್ತೆ. ಯಾರು ಕಟ್ಟಿದ್ದು ಇದನ್ನ?"

ಪರೀಕ್ಷೆಯ ದಿನ ಅವಳು ಪ್ಲಾಸ್ಟಿಕ್ಕಿನ ಕುರ್ಚಿಯಲ್ಲಿ ಕತ್ತು ನೆಟ್ಟಗೆ ಮಾಡಿ ಕೂತಿದ್ದಳು, ಶಾಲೆಯ ಮಕ್ಕಳು ಫೋಟೋಗೆ ಕೂರುವ ಹಾಗೆ. ಕಚ್ಚಿನ ಅಳತೆಗೆಂದು ಬಾಯಲ್ಲಿ ಮೇಣದ ಎರಡು ಕಟ್ಟುಗಳು. "ಹಿಂದಕ್ಕೆ ಕಚ್ಚು ಅಕ್ಕ, ಆರಾಮಾಗಿ ಕಚ್ಚು" ಎಂದಿದ್ದ ಅವನು. ಪರೀಕ್ಷಕರು ಪಕ್ಕದಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ತಮ್ಮನ ಕೆಲಸಕ್ಕೆ ಪೂರ್ತಿ ಮನಸ್ಸಿನಿಂದ ಸಹಕರಿಸಬೇಕೆಂದು ಅವಳು ಗದ್ದವನ್ನು ಆದಷ್ಟು ಮುಂದಕ್ಕೆ ಕೊಟ್ಟು ಕಚ್ಚಿದಳು. ಅವನಿಗೆ ಕಂಡಿತು. ಅರ್ಧ ಬೆರಳು ಮುಂದೆ. ಇನ್ನೊಂದು ಸಲ ಎನ್ನಬೇಕು, ಹಾಗೆ ಹೇಳಿದರೆ ಪರೀಕ್ಷಕರು ಮೊದಲ ಸಲ ತಪ್ಪಾಯಿತೆಂದು ಬರೆದುಕೊಳ್ಳುತ್ತಾರೆ. ಮೇಣ ತಣ್ಣಗಾಗುವಷ್ಟು ಹೊತ್ತು ಅವನು ಸುಮ್ಮನೆ ನಿಂತ. ಅವಳು ಬಾಯಿಂದ ಮೇಣ ತೆಗೆದ ಕೂಡಲೇ, "ಸರಿಯಾಗಿ ಕಚ್ಚಿದ್ನೇನೋ?" ಎಂದು ಕೇಳಿದಳು. "ಸರಿಯಾಗೇ ಕಚ್ಚಿದೆ" ಎಂದ. ತರಗತಿಗೆ ಮೂರನೆಯವನಾಗಿ ತೇರ್ಗಡೆಯಾದ. ಎಷ್ಟೋ ವರ್ಷದ ನಂತರ ಒಮ್ಮೆ, "ಹೊಸದು ಮಾಡ್ಕೊಡ್ಲಾ ಅಕ್ಕ?" ಎಂದಾಗ ಅವಳು, "ಥೂ, ಯಾಕೆ? ಇದು ನೀನು ಮೊದಲು ಮಾಡಿದ್ದು" ಎಂದಿದ್ದಳು. ಅವನು ಇನ್ನೊಮ್ಮೆ ಕೇಳಿರಲಿಲ್ಲ. ಆ ಮಾತನ್ನು ಅವಳ ಮೊಂಡುತನದ ಲೆಕ್ಕಕ್ಕೆ ಹಾಕಿ ಬಹಳ ಕಾಲ ನೆಮ್ಮದಿಯಿಂದಿದ್ದ.

"ಯಾರೋ ಸಾರ್" ಎಂದ ಅವನು. ದನಿ ಎಷ್ಟು ಸಲೀಸಾಗಿ ಬಂತೆಂದರೆ ಅವನೇ ಅದನ್ನು ಮೆಚ್ಚುಗೆಯಿಂದ ಕೇಳಿಸಿಕೊಂಡ. "ಹಳೇ ಊರಲ್ಲಿ ಯಾರೋ ಒಬ್ಬ ಇದ್ದ. ಆಗೆಲ್ಲ ನಮಗೇನು ಗೊತ್ತಾಗ್ತಿತ್ತು." ಮಾತು ಹೊರಬಿದ್ದ ಮೇಲೆ ಡಾಕ್ಟರ ಹೆಬ್ಬೆರಳು ಕಂಡಿತು. ಅದು ಹತ್ತು ವರ್ಷದ ಅಭ್ಯಾಸದಂತೆ, ತನ್ನಷ್ಟಕ್ಕೆ ತಾನೇ, ಅಂಗುಳಿನ ಹಿಂದಿನ ಅಂಚಿಗೆ ಹೋಗಿ ಅತ್ತ ಇತ್ತ ಆಡುತ್ತಿತ್ತು. ನಿಂತಿತು. ಇನ್ನೊಮ್ಮೆ ಆಡಿತು. ಡಾಕ್ಟರು ತಲೆಯೆತ್ತಿ ಅವನನ್ನು ನೋಡಿದರು, ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಒಂದು ವಸ್ತು ತಾವು ಅಂದುಕೊಂಡದ್ದಕ್ಕಿಂತ ಒಳ್ಳೆಯದೆಂದು ಗೊತ್ತಾದವರ ಹಾಗೆ. "ಯಾರೋ ಒಬ್ಬ" ಎಂದರು. "ಹೌದೇನಮ್ಮ?" ಅಕ್ಕ ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಿದ್ದಳು. ಆ ಎರಡು ಗೀರು ಅವಳ ನಾಲಿಗೆಗೆ ಹದಿನೆಂಟು ವರ್ಷದಿಂದ ಗೊತ್ತು. ಹೊತ್ತು ಹೋಗದಿದ್ದಾಗ ನಾಲಿಗೆಯ ತುದಿಯಿಂದ ಅವನ್ನು ಎಣಿಸುತ್ತೇನೆಂದು ಒಮ್ಮೆ ನಗುತ್ತ ಹೇಳಿದ್ದಳು. ಅವಳು ತಮ್ಮನ ಮುಖ ನೋಡಲಿಲ್ಲ. ಲೋಟವನ್ನು ನೋಡುತ್ತ, "ಹೌದು. ಯಾರೋ ಒಬ್ಬ. ಈಗ ಇಲ್ಲ ಅವನು" ಎಂದಳು.

ಯಂತ್ರದವನು ಸೆಟ್ಟನ್ನು ಕೈಗೆ ತೆಗೆದುಕೊಂಡ. ಅವನಿಗೆ ಎಲ್ಲವನ್ನೂ ತಿರುಗಿಸಿ ನೋಡುವ ಚಾಳಿ. ತಿರುಗಿಸಿದ, ಕಣ್ಣು ಕಿರಿದು ಮಾಡಿದ, ಮುಖ ಅರಳಿತು. "ಅಣ್ಣಾ, ಇದು..." "ಸೌತೇಕಾಯಿ ತಗೊಳಯ್ಯಾ" ಎಂದರು ಡಾಕ್ಟರು ತಟ್ಟೆಯನ್ನು ಅವನ ಎದೆಗೆ ತಾಗುವಷ್ಟು ಮುಂದೆ ಚಾಚಿ. ಯಂತ್ರದವನು ತಟ್ಟೆ ನೋಡಿದ, ಡಾಕ್ಟರನ್ನು ನೋಡಿದ, ಕೊನೆಗೆ ಅಕ್ಕನ ಮುಖ ನೋಡಿದ. ಅವನ ಕಿವಿ ಕೆಂಪಾಯಿತು. ಸೌತೇಕಾಯಿ ತೆಗೆದುಕೊಂಡ, ಆದರೆ ತಿನ್ನಲಿಲ್ಲ. ಇವನ ಹೆಂಡತಿ ಎದ್ದು ಎಲ್ಲರಿಗೂ ಹಣ್ಣು ಹೆಚ್ಚಿ ತಂದಳು. ಅಕ್ಕನ ಮುಂದೆಯೂ ಒಂದು ತಟ್ಟೆ ಇಟ್ಟಳು. ಅದರಲ್ಲಿ ಸೇಬಿನ ಹೋಳುಗಳಿದ್ದವು. ಅಕ್ಕ ಒಂದು ಹೋಳನ್ನು ಬಾಯಿಗಿಟ್ಟು, ಬಹಳ ಹೊತ್ತು ಒಳಗೊಳಗೇ ಆಡಿಸಿ, ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಕೈಗೆ ತೆಗೆದು ಮುಷ್ಟಿಯಲ್ಲಿಟ್ಟುಕೊಂಡಳು. ಎಲ್ಲರೂ ನೋಡುತ್ತಿದ್ದರು. ಡಾಕ್ಟರ ಹೆಂಡತಿ ಮಾವಿನಹಣ್ಣಿನ ಹೋಳು ಅವಳ ತಟ್ಟೆಗೆ ಹಾಕಿ, "ಇದು ಮೆತ್ತಗಿದೆ, ತಿನ್ನಿ" ಎಂದು ಜೋರಾಗಿ ಹೇಳಿದರು, ಹಲ್ಲು ಹೋದವರಿಗೆ ಕಿವಿಯೂ ಹೋಗಿರುತ್ತದೆಂಬಂತೆ. ಅಲ್ಲಿಂದ ಮುಂದೆ ಡಾಕ್ಟರು ಬಹಳ ಖುಷಿಯಲ್ಲಿದ್ದರು. ತಾವು ಓದುವಾಗ ಹಾಸ್ಟೆಲಿನಲ್ಲಿ ಮಾಡಿದ ತುಂಟತನಗಳನ್ನು ಹೇಳಿದರು. ಅವನು ಎಲ್ಲಿ ನಗಬೇಕೋ ಅಲ್ಲೆಲ್ಲ ನಕ್ಕ. ಹೊರಡುವಾಗ ಡಾಕ್ಟರು ಸೆಟ್ಟನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. "ಇದು ನನ್ನ ಹತ್ರ ಇರ್ಲಿ. ಹೊಸದನ್ನ ಇವನ ಯಂತ್ರದಲ್ಲಿ ಮಾಡ್ಸೋಣ. ಆಯ್ತಾ ಅಕ್ಕಾ?" "ಅಷ್ಟು ದಿನ ಅವರು ಊಟಕ್ಕೆ..." ಎಂದ ಯಂತ್ರದವನು. "ಗಂಜಿ ಕುಡೀತೀನಪ್ಪ" ಎಂದಳು ಅಕ್ಕ, "ಅದಕ್ಕೇನು."

ಮೆಟ್ಟಿಲಿನ ಬುಡದವರೆಗೆ ಅವನು ಬೀಳ್ಕೊಡಲು ಹೋದ. ಡಾಕ್ಟರ ಹೆಂಡತಿಯೂ ಯಂತ್ರದವನೂ ಮುಂದೆ ಇಳಿದುಹೋಗಿದ್ದರು. ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು. ಹತ್ತು ವರ್ಷದಲ್ಲಿ ಇದು ಮೊದಲ ಸಲ, ಮತ್ತು ಆ ಕೈ ಬೆಚ್ಚಗಿತ್ತು. "ಒಂದು ವಿಷಯ ಕಣಯ್ಯಾ. ಲ್ಯಾಬು ದೊಡ್ಡದಾದ್ರೆ ದೂರೂ ಜಾಸ್ತಿ ಬರ್ತವೆ. ಚುಚ್ಚತ್ತೆ, ಅಳ್ಳಾಡತ್ತೆ, ಶಬ್ದ ಮಾಡತ್ತೆ ಅಂತ ಡಬ್ಬಿ ಹಿಡ್ಕೊಂಡು ಬರ್ತಾರೆ. ಅವರ ಮುಂದೆ ನಿಂತು ಮಾತಾಡೋಕೆ ಒಬ್ಬ ಬೇಕು. ಯಂತ್ರದವನಿಗೆ ಕೈ ಇದೆ, ಆ ಬಾಯಿ ಇಲ್ಲ. ನಿಜ ಹೇಳ್ಬಿಡ್ತಾನೆ." ಅವರು ಜೇಬನ್ನು ಮೆಲ್ಲಗೆ ತಟ್ಟಿಕೊಂಡರು. "ಸ್ವಂತ ಅಕ್ಕನ ಮುಂದೆ ಅಷ್ಟು ಸಲೀಸಾಗಿ ಹೇಳಿದೆಯಲ್ಲ, ಅದು ಎಲ್ಲರಿಗೂ ಬರಲ್ಲ. ಒಂದನೇ ತಾರೀಖಿಂದ ನೀನೇ ನೋಡ್ಕೋ. ಆ ಗೀರು ಎಳೆಯೋ ಅಭ್ಯಾಸ ಮಾತ್ರ ಬಿಟ್ಬಿಡು." "ಆಗಲಿ ಸಾರ್" ಎಂದ ಅವನು. ಸಂತೋಷವಾಗಿದೆಯೇ ಎಂದು ಒಳಗೆ ತಡಕಿ ನೋಡಿದ. ಆಗಿತ್ತು. ಅದೇ ಕೆಟ್ಟದ್ದು, ನಿಜವಾಗಿಯೂ ಆಗಿತ್ತು; ಹೆಂಡತಿಗೆ ಯಾವ ಮಾತಿನಿಂದ ಶುರುಮಾಡಿ ಹೇಳಬೇಕೆಂದು ಮೆಟ್ಟಿಲು ಹತ್ತುವಷ್ಟರಲ್ಲೇ ಜೋಡಿಸಿಕೊಂಡಿದ್ದ.

ಅಡುಗೆಮನೆಯಲ್ಲಿ ಅಕ್ಕ ತಟ್ಟೆ ತೊಳೆಯುತ್ತಿದ್ದಳು. ಮುಷ್ಟಿಯಲ್ಲಿದ್ದ ಸೇಬಿನ ಹೋಳು ನಲ್ಲಿಯ ಪಕ್ಕದಲ್ಲಿ ಕಂದಾಗಿ ಬಿದ್ದಿತ್ತು, ಅದರ ಮೇಲೆ ಒಂದು ಗುರುತೂ ಬಿದ್ದಿರಲಿಲ್ಲ. ಖಾಲಿ ಲೋಟವನ್ನು ಆಗಲೇ ತೊಳೆದು ಬೋರಲಿಟ್ಟಿದ್ದಳು. ಅವನು ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು. ಅವಳು ತಿರುಗಲಿಲ್ಲ. ನೀರಿನ ಸದ್ದಿನ ನಡುವೆ, ಮಡಚಿಕೊಂಡ ಬಾಯಿಂದ, ಹದಿನೆಂಟು ವರ್ಷದ ಹಿಂದಿನ ಅದೇ ಆತುರದಲ್ಲಿ ಕೇಳಿದಳು: "ಸರಿಯಾಗಿ ಹೇಳಿದ್ನೇನೋ?"

"ಸರಿಯಾಗೇ ಹೇಳ್ದೆ" ಎಂದ ಅವನು.

ಹೊಸ ಲ್ಯಾಬು ಒಂದನೇ ತಾರೀಖು ಶುರುವಾಯಿತು. ಅವನು ಅದರ ಮುಖ್ಯಸ್ಥ. ಹಳೆಯ ಸೆಟ್ಟು ಡಾಕ್ಟರ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ. ಯಂತ್ರದವನು ಮೂರು ವಾರದಲ್ಲಿ ಅಕ್ಕನಿಗೆ ಹೊಸ ಹಲ್ಲು ಮಾಡಿಕೊಟ್ಟ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಅವಳು ಈಗಲೂ ಗದ್ದ ಮುಂದೆ ಮಾಡಿಯೇ ಕಚ್ಚುತ್ತಾಳೆ, ಆದ್ದರಿಂದ ಮೇಲಿನವೂ ಕೆಳಗಿನವೂ ಒಂದಕ್ಕೊಂದು ತಾಗುವುದಿಲ್ಲ. ಶಬ್ದ ಬರುವುದಿಲ್ಲ.